ಐಸ್‌ಲ್ಯಾಂಡಿನ ಅವಿನೀತ ಪ್ರಜೆಗಳಿಗೊಂದು ಬಹಿರಂಗ ಪತ್ರ

ಉತ್ತರ ಅಟ್ಲಾಂಟಿಕ ಸಮುದ್ರದ ಹಿಮದ್ವೀಪವನ್ನು ಅಲಂಕರಿಸಿರುವ ಮಹಾಜನಗಳ ಸನ್ನಿಧಿಗೆ, ಸನಾತನವಾದ ಋಣಧರ್ಮದಲ್ಲಿ ಅಚಲ ಶ್ರದ್ಧೆಯುಳ್ಳವನೂ, ಪರದೇಶಗಳ ಸಾಲಪತ್ರಗಳ ಬಡ್ಡಿಯಿಂದಲೇ ಜೀವನಯಾತ್ರೆಯನ್ನು ಸಾಗಿಸುತ್ತಿರುವವನೂ ಆದ ನಾನು, ಅತ್ಯಂತ ವಿಷಾದದಿಂದ ಮಾಡಿಕೊಳ್ಳುವ ವಿಜ್ಞಾಪನೆ.

ನೀವು ಕೆಟ್ಟಿರೆಂಬುದು ನನ್ನ ಆಕ್ಷೇಪವಲ್ಲ. ಕೆಡುವುದರಲ್ಲಿ ನೀವು ಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸಿದಿರೆಂದು ಸಾಕ್ಷಿ ನುಡಿಯಲು ನಾನು ಸಿದ್ಧ. ಈ ಶತಮಾನದ ಆದಿಯಲ್ಲಿ ಸರ್ಕಾರದ ಬ್ಯಾಂಕುಗಳನ್ನು ಆಪ್ತೇಷ್ಟರಿಗೆ ಮಾರಿ, ಸುಮಾರು ಮೂರು ಲಕ್ಷ ಜನರುಳ್ಳ, ಮೀನು ಹಿಡಿದು ಬದುಕುತ್ತಿದ್ದ ಒಂದು ಪುಟ್ಟ ದೇಶದಲ್ಲಿ ಗ್ಲಿಟ್ನಿರ್, ಲ್ಯಾಂಡ್ಸ್‌ಬಂಕಿ, ಕೌಪ್‌ಥಿಂಗ್ ಎಂಬ ಮೂರು ಬ್ಯಾಂಕುಗಳು ದೇಶದ ವಾರ್ಷಿಕ ಉತ್ಪನ್ನದ ಒಂಬತ್ತು ಹತ್ತು ಪಟ್ಟಿನಷ್ಟು ಉಬ್ಬಿಕೊಳ್ಳುವಂತೆ ಪೋಷಿಸಿದ ನಿಮ್ಮ ಔದಾರ್ಯವನ್ನು ಕಂಡು ನಾವೆಲ್ಲ ಪುಳಕಿತರಾಗಿದ್ದೆವು. 2007ರ ಫೆಬ್ರವರಿಯಲ್ಲಿ, ಸಾಲಗಾರರ ಯೋಗ್ಯತೆಯನ್ನು ಅಳೆಯುವ ಮೂಡೀಸ್ ಸಂಸ್ಥೆಯು ಆ ಮೂರಕ್ಕೂ ತನ್ನ ಪರಮೋಚ್ಚ ಶ್ರೇಣಿಯಾದ ಎಎಎ ಪದವಿಯನ್ನು ದಯಪಾಲಿಸಿ, ಅತಿಯಾಯಿತೆಂದು ಲೋಕವೇ ನಕ್ಕಮೇಲೆ ಮೆಲ್ಲನೆ ಹಿಂದೆಗೆದುಕೊಂಡದ್ದು ಬೇರೆಯ ಮಾತು. 2008ರ ಅಕ್ಟೋಬರಿನಲ್ಲಿ ಒಂದೇ ವಾರದೊಳಗೆ ಮೂರೂ ನೆಲಕಚ್ಚಿದುವು. ಅಲ್ಲಿಯವರೆಗೆ ಮಾರುಕಟ್ಟೆಯ ಹೊರತು ಅನ್ಯದೈವವನ್ನು ಅರಿಯದಿದ್ದ ನಿಮ್ಮ ಪ್ರಧಾನಿ ಗೇರ್ ಹಾರ್ಡೆಯವರು ದೂರದರ್ಶನದಲ್ಲಿ ಕಾಣಿಸಿಕೊಂಡು, ದೇವರು ಐಸ್‌ಲ್ಯಾಂಡನ್ನು ಹರಸಲೆಂದು ಹೇಳಿ ಭಾಷಣವನ್ನು ಮುಗಿಸಿದರು. ಇಷ್ಟೂ ಕ್ರಮಬದ್ಧವಾಗಿಯೇ ಇದ್ದಿತು.

ಆಕ್ಷೇಪವೆಲ್ಲ ನೀವು ಚೇತರಿಸಿಕೊಂಡ ರೀತಿಯ ಮೇಲೆ. ಇಂತಹ ಸಂದರ್ಭಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದು ಚಿಕಿತ್ಸೆ ವಿಹಿತವಾಗಿದೆ. ಅದನ್ನು ನಮ್ಮ ಹಳ್ಳಿಗರು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಸಂಗ್ರಹವಾಗಿ ಹೇಳುತ್ತಾರೆ. ಅವರು ಪರಿಹಾಸ್ಯಕ್ಕಾಗಿ ಹೇಳುವುದನ್ನು ನಾವು ಸಿದ್ಧಾಂತವಾಗಿ ಸ್ವೀಕರಿಸಿದ್ದೇವೆ. ಜ್ವರ ಬರುವುದು ಬ್ಯಾಂಕಿಗೆ, ಬರೆ ಬೀಳುವುದು ಆಸ್ಪತ್ರೆಗೆ, ಪಾಠಶಾಲೆಗೆ, ವೃದ್ಧರ ನಿವೃತ್ತಿವೇತನಕ್ಕೆ. ಶಿಷ್ಟರಾದ ಐರ್ಲೆಂಡಿನವರನ್ನು ನೋಡಿ: 2008ರ ಸೆಪ್ಟೆಂಬರಿನ ಕೊನೆಯಲ್ಲಿ ಒಂದು ರಾತ್ರಿಯ ಸಮಾಲೋಚನೆಯಿಂದಲೇ ತಮ್ಮ ಬ್ಯಾಂಕುಗಳ ಹೊಣೆಗಾರಿಕೆಗೆಲ್ಲ ಸರ್ಕಾರದ ಜಾಮೀನನ್ನು ನೀಡಿ, ಕಟ್ಟಕಡೆಗೆ ಸುಮಾರು 6,400 ಕೋಟಿ ಯೂರೋಗಳನ್ನು ಪ್ರಜೆಗಳ ತಲೆಯ ಮೇಲೆ ಹೊರಿಸಿದರು. ಗ್ರೀಸಿನವರು ನಮ್ಮ ಆದೇಶಗಳಿಗೆ ಶಿರಬಾಗಿದ ಫಲವಾಗಿ ಅವರ ರಾಷ್ಟ್ರೀಯ ಉತ್ಪನ್ನದಲ್ಲಿ ಕಾಲುಭಾಗವೇ ಕರಗಿಹೋಗಿ, ನಿರುದ್ಯೋಗವು ನೂರಕ್ಕೆ 27ನ್ನು ಮೀರಿತು. ರೋಗಿಯು ಕೃಶನಾದಷ್ಟೂ ಪಥ್ಯವನ್ನು ಬಿಗಿಗೊಳಿಸಬೇಕೆಂಬ ನಮ್ಮ ವೈದ್ಯಕ್ಕೆ ಅದಕ್ಕಿಂತ ಉಜ್ಜ್ವಲವಾದ ನಿದರ್ಶನ ಬೇಕೆ?

ನೀವು ಮಾಡಿದ್ದೇನು? 2008ರ ಅಕ್ಟೋಬರ್ 6ರಂದು ತರಾತುರಿಯಲ್ಲಿ ಒಂದು ಶಾಸನವನ್ನು ಅಂಗೀಕರಿಸಿ, ಠೇವಣಿ ಇಟ್ಟ ಸಾಮಾನ್ಯ ಜನರನ್ನು ಪಂಕ್ತಿಯಲ್ಲಿ ಮುಂದಕ್ಕೆ ಕೂರಿಸಿ, ಬಾಂಡುಗಳನ್ನು ಕೊಂಡಿದ್ದ ನಮ್ಮಂತಹ ಮಾನ್ಯರನ್ನು ಎಲೆಯಿಂದ ಎಬ್ಬಿಸಿದಿರಿ. ದೇಶದೊಳಗಿನ ಠೇವಣಿಗಳನ್ನು ಹೊಸ ಬ್ಯಾಂಕುಗಳಿಗೆ ವರ್ಗಾಯಿಸಿ, ಹಳೆಯವನ್ನು ನಮ್ಮ ಹಕ್ಕುಪತ್ರಗಳ ಸಮೇತವಾಗಿ ಸ್ಮಶಾನಕ್ಕೆ ಸಾಗಿಸಿದಿರಿ. ಲಾಭ ಬಂದಾಗ ಅದು ನಮ್ಮ ಸಾಹಸದ ಫಲವೆಂದೂ ನಷ್ಟ ಬಂದಾಗ ಅದು ಸಮಾಜದ ಸಮಸ್ತರ ಸಂಕಟವೆಂದೂ ಇರುವ ಪ್ರಾಚೀನ ಮರ್ಯಾದೆಯನ್ನು ಮುರಿದು, ಸಾಹಸಮಾಡಿದವನೇ ನಷ್ಟವನ್ನೂ ಅನುಭವಿಸಲಿ ಎಂಬ ಪುಸ್ತಕದ ತತ್ತ್ವವನ್ನು ಯಾರಾದರೂ ನಿಜವಾಗಿ ಆಚರಣೆಗೆ ತರುತ್ತಾರೆಯೇ? ಬಂಡವಾಳಶಾಹಿಯ ಧರ್ಮಗ್ರಂಥವನ್ನು ಅದರ ವಿರೋಧಿಗಳು ಓದಬಾರದೆಂದು ನಾನು ಹಿಂದಿನಿಂದಲೂ ಹೇಳುತ್ತಿದ್ದೇನೆ.

ಐಸ್‌ಸೇವ್ ಪ್ರಕರಣವನ್ನು ನೆನೆದರೆ ಈಗಲೂ ನನ್ನ ನಿದ್ರೆ ಕೆಡುತ್ತದೆ. ಲ್ಯಾಂಡ್ಸ್‌ಬಂಕಿಯವರು ಆ ಹೆಸರಿನಿಂದ ಬ್ರಿಟನ್ನಿನಲ್ಲಿಯೂ ನೆದರ್ಲೆಂಡಿನಲ್ಲಿಯೂ ಅಧಿಕ ಬಡ್ಡಿಯ ಆಸೆ ತೋರಿಸಿ ಠೇವಣಿಗಳನ್ನು ಸಂಗ್ರಹಿಸಿದ್ದರಷ್ಟೆ. ಬ್ಯಾಂಕು ಮುಳುಗಿದ ಮರುಕ್ಷಣವೇ ಬ್ರಿಟಿಷ್ ಸರ್ಕಾರವು 2001ರ ಭಯೋತ್ಪಾದನಾ ನಿಗ್ರಹ ಶಾಸನವನ್ನು ಪ್ರಯೋಗಿಸಿ ಅದರ ಆಸ್ತಿಯನ್ನು ಸ್ತಂಭನಗೊಳಿಸಿತು. ಒಂದು ಮಿತ್ರರಾಷ್ಟ್ರದ ಬ್ಯಾಂಕಿಗೆ ಇದಕ್ಕಿಂತ ಮಿಗಿಲಾದ ಮನ್ನಣೆ ಯಾವುದಿದ್ದೀತು? ಬಳಿಕ ಎರಡು ಸರ್ಕಾರಗಳೂ ತಮ್ಮ ಠೇವಣಿದಾರರಿಗೆ ತಾವೇ ಹಣ ಕೊಟ್ಟು, ಸುಮಾರು 400 ಕೋಟಿ ಯೂರೋಗಳ ಆ ಬಾಬನ್ನು ನಿಮ್ಮ ಖಜಾನೆಯಿಂದ, ಎಂದರೆ ಹಸುಗೂಸುಗಳನ್ನೂ ಸೇರಿಸಿ ತಲೆಗೆ 12,000 ಯೂರೋಗಳ ಆಸುಪಾಸಿನಂತೆ, ವಸೂಲುಮಾಡಲು ಸಂಕಲ್ಪಿಸಿದುವು. ನಿಮ್ಮ ಪಾರ್ಲಿಮೆಂಟು ವಿಧೇಯತೆಯಿಂದ ಒಪ್ಪಿಯೂ ಇತ್ತು. ಆದರೆ ಅಧ್ಯಕ್ಷ ಒಲಾಫುರ್ ರಾಗ್ನಾರ್ ಗ್ರಿಮ್ಸನ್ನರು ಸಹಿ ಹಾಕಲೊಲ್ಲದೆ ವಿಷಯವನ್ನು ಜನರ ಮುಂದಿಟ್ಟರು. ಸಾಲವನ್ನು ತೀರಿಸಬೇಕೇ ಬೇಡವೇ ಎಂದು ತೀರಿಸಬೇಕಾದವರನ್ನೇ ಕೇಳುವ ಅನಾಚಾರವನ್ನು ನಾನೆಲ್ಲಿಯೂ ಕಂಡಿಲ್ಲ! 2010ರ ಮಾರ್ಚಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಮತದಾರರು ಒಲ್ಲೆವೆಂದರು. ಷರತ್ತುಗಳನ್ನು ಮೃದುಗೊಳಿಸಿ 2011ರ ಏಪ್ರಿಲಿನಲ್ಲಿ ಮತ್ತೆ ಕೇಳಿದಾಗಲೂ ನೂರಕ್ಕೆ ಅರುವತ್ತರಷ್ಟು ಜನ ಒಲ್ಲೆವೆಂದೇ ಹೇಳಿದರು. ಉತ್ತರದ ಕ್ಯೂಬಾ ಆಗುವಿರಿ, ಜಗತ್ತು ನಿಮಗೆ ಬಾಗಿಲು ಮುಚ್ಚುತ್ತದೆ ಎಂದು ನಾವು ಹೆದರಿಸಿದ್ದೆವು. 2013ರ ಜನವರಿಯಲ್ಲಿ ಐರೋಪ್ಯ ಮುಕ್ತ ವಾಣಿಜ್ಯ ಸಂಘದ (ಇಎಫ್‌ಟಿಎ) ನ್ಯಾಯಾಲಯವು ನಿಮ್ಮ ಪಕ್ಷವನ್ನೇ ಎತ್ತಿಹಿಡಿಯಿತು. ಇದಕ್ಕಿಂತ ಅಪಮಾನಕರವಾದ ಸಂಗತಿಯೆಂದರೆ, ಸತ್ತ ಬ್ಯಾಂಕಿನ ಸ್ವಂತ ಆಸ್ತಿಯ ವಿಲೇವಾರಿಯಿಂದಲೇ ಠೇವಣಿಗಳ ಆ ಆದ್ಯತೆಯ ಬಾಕಿಗಳೆಲ್ಲ 2016ರ ಆರಂಭಕ್ಕೆ ಸಂದಾಯವಾದದ್ದು. ಬರೆಯೇ ಬೀಳದೆ ಜ್ವರ ಇಳಿಯಬಹುದೆಂದು ತೋರಿಸಿಕೊಟ್ಟವರನ್ನು ಯಾವ ವೈದ್ಯ ಕ್ಷಮಿಸಿಯಾನು?

ಬಂಡವಾಳವು ದೇಶದಿಂದ ಓಡಿಹೋಗದಂತೆ ನೀವು ಹಾಕಿದ ಬೇಲಿಯ ವಿಷಯದಲ್ಲಿ ನಿಮ್ಮನ್ನೇ ದೂರುವಂತಿಲ್ಲ. ನಮ್ಮ ಗುರುಪೀಠವಾದ ಅಂತರರಾಷ್ಟ್ರೀಯ ಹಣಕಾಸು ನಿಧಿಯೇ 2008ರ ನವೆಂಬರಿನಲ್ಲಿ 210 ಕೋಟಿ ಡಾಲರುಗಳ ಸಾಲದೊಡನೆ ಆ ನಿರ್ಬಂಧಗಳಿಗೂ ಸಮ್ಮತಿಯಿತ್ತು, ಮೊದಲನೆಯ ವರ್ಷ ಕಟ್ಟುನಿಟ್ಟಾದ ಮಿತವ್ಯಯವನ್ನೂ ಒತ್ತಾಯಿಸದೆ ಹೋಯಿತು. ಪೀಠಾಧಿಪತಿಗಳೇ ನಿಯಮವನ್ನು ಸಡಿಲಿಸಿದರೆ ಪಾಮರರ ಗತಿಯೇನು? ಅಡುಗೆಮನೆಯ ಪಾತ್ರೆಪರಟಿಗಳನ್ನು ಬಾರಿಸಿ 2009ರ ಜನವರಿಯಲ್ಲಿ ಸರ್ಕಾರವನ್ನೇ ಕೆಳಗಿಳಿಸಿದ ನೀವು ಆರಿಸಿ ತಂದ ಯೋಹನ್ನಾ ಸಿಗುರ್ದಾರ್ದೋತ್ತಿರ್ ಅವರ ಮಂತ್ರಿಮಂಡಲವು, ಎಲ್ಲರಿಗೂ ಒಂದೇ ದರವಿದ್ದ ಆದಾಯತೆರಿಗೆಯನ್ನು ಮೂರು ಮೆಟ್ಟಿಲುಗಳಾಗಿ ಒಡೆದು ಮೇಲಿನವರಿಂದ ಹೆಚ್ಚು ಕಿತ್ತಿತು. ಮನೆಯ ಬೆಲೆಯ 110 ಪ್ರತಿಶತವನ್ನು ಮೀರಿದ ಗೃಹಸಾಲವನ್ನು ತಗ್ಗಿಸುವ ಏರ್ಪಾಡನ್ನು ಮಾಡಿತು.

ಇಷ್ಟಕ್ಕೇ ತೃಪ್ತರಾಗದೆ ಕಾರಣಗಳನ್ನು ಹುಡುಕಿದಿರಲ್ಲ, ಅದು ಶುದ್ಧ ಅಸಭ್ಯತೆ. ವಿಶೇಷ ಅಭಿಯೋಜಕನ ಹುದ್ದೆಗೆ ಅರ್ಜಿ ಕರೆದಾಗ ಮೊದಲಿಗೆ ಒಬ್ಬನೂ ಮುಂದೆ ಬಾರದಿದ್ದುದರಿಂದ ನಾನು ನೆಮ್ಮದಿಯ ಉಸಿರೆಳೆದಿದ್ದೆ. ಬಳಿಕ ಆಕ್ರಾನೆಸ್ ಎಂಬ ಸಣ್ಣ ಊರಿನ ಪೊಲೀಸ್ ಅಧಿಕಾರಿಯೊಬ್ಬರು ಬಂದು, ಲಂಡನ್ನಿನ ಭೋಜನಕೂಟಗಳಲ್ಲಿ ನಮ್ಮೊಡನೆ ಕುಳಿತ ಮಹನೀಯರನ್ನು ಒಬ್ಬೊಬ್ಬರಾಗಿ ಕಟಕಟೆಯಲ್ಲಿ ನಿಲ್ಲಿಸಿ ಸೆರೆಮನೆಗೆ ಕಳುಹಿಸಿದರು. 2010ರಲ್ಲಿ ಹೊರಬಂದ ವಿಚಾರಣಾ ಸಮಿತಿಯ ಎರಡು ಸಾವಿರ ಪುಟಗಳಿಗೂ ಮೀರಿದ ವರದಿಯನ್ನು ರೇಕ್ಯಾವಿಕದ ನಗರ ರಂಗಮಂದಿರದಲ್ಲಿ ನಟನಟಿಯರು ಹಗಲಿರುಳು ಸರದಿಯಂತೆ ಆಮೂಲಾಗ್ರವಾಗಿ ಪಾರಾಯಣ ಮಾಡಿದರಂತೆ. ಸಮಿತಿಗಳ ವರದಿಗಳಿರುವುದು ಬೀರುವಿನಲ್ಲಿ ಇಡುವುದಕ್ಕೆ. ಅವುಗಳನ್ನು ಓದುವ ದುರಭ್ಯಾಸ ಒಮ್ಮೆ ಹರಡಿತೆಂದರೆ ಯಾವ ಸರ್ಕಾರ ತಾನೇ ಸಮಿತಿಯನ್ನು ನೇಮಿಸೀತು?

ನಾನು ನಿಷ್ಪಕ್ಷಪಾತಿ, ಆದಕಾರಣ ನಿಮ್ಮ ಕಥೆಯಲ್ಲಿ ನನಗೆ ಸಮಾಧಾನ ಕೊಡುವ ಅಂಶಗಳೂ ಇವೆಯೆಂಬುದನ್ನು ಮುಚ್ಚಿಡಲಾರೆ. ನಿಮ್ಮ ನಾಣ್ಯವಾದ ಕ್ರೋನಾದ ಬೆಲೆ ಅರ್ಧದಷ್ಟು ಕುಸಿಯಿತು. 2009ರ ಆದಿಯಲ್ಲಿ ಬೆಲೆಯೇರಿಕೆ ನೂರಕ್ಕೆ 18ನ್ನು ದಾಟಿತು. ಆ ಏರಿಕೆಗೆ ಜೋಡಿಸಲ್ಪಟ್ಟಿದ್ದ ಗೃಹಸಾಲಗಳು ಕಂತು ಕಟ್ಟಿದಷ್ಟೂ ಬೆಳೆದುವು. ನಿರುದ್ಯೋಗವು ನೂರಕ್ಕೆ ಒಂಬತ್ತರ ಹತ್ತಿರಕ್ಕೆ ಹೋಯಿತು. ಆಸ್ಪತ್ರೆಗಳಿಗೂ ಕತ್ತರಿ ತಪ್ಪಲಿಲ್ಲ. ನಿಮ್ಮನ್ನು ಕೊಂಡಾಡುವ ಭಾವುಕರು ಇದನ್ನು ಹೇಳುವುದಿಲ್ಲ, ನಾನು ಪ್ರತಿ ಸಭೆಯಲ್ಲಿಯೂ ತಪ್ಪದೆ ಹೇಳುತ್ತೇನೆ. ಎಲ್ಲಕ್ಕಿಂತ ಹೆಚ್ಚಿನ ಸಮಾಧಾನವೆಂದರೆ, ಮನೆಯನ್ನು ಸರಿಪಡಿಸಿದವರನ್ನು 2013ರ ಚುನಾವಣೆಯಲ್ಲಿ ಹೊರಗಟ್ಟಿ, ಬ್ಯಾಂಕುಗಳನ್ನು ಮಾರಿದ್ದ ಪಕ್ಷಗಳನ್ನೇ ಮರಳಿ ಗದ್ದುಗೆಗೇರಿಸಿದ ನಿಮ್ಮ ಉದಾರ ವಿಸ್ಮೃತಿ.

ಅಲ್ಲದೆ, ನಿಮ್ಮ ದೃಷ್ಟಾಂತವು ಅನ್ಯತ್ರ ಅನ್ವಯಿಸದೆಂಬ ಉತ್ತರವನ್ನು ನಾವು ಸಿದ್ಧಪಡಿಸಿಟ್ಟಿದ್ದೇವೆ: ನೀವು ಬಹಳ ಚಿಕ್ಕವರು, ನಿಮಗೆ ಸ್ವಂತ ನಾಣ್ಯವಿತ್ತು, ಮೀನಿತ್ತು, ಸಾಲದುದಕ್ಕೆ 2010ರಲ್ಲಿ ಉಗುಳಿದ ಜ್ವಾಲಾಮುಖಿಯೂ ಪ್ರವಾಸಿಗರನ್ನು ಕರೆಯಿತು. ಸ್ವಂತ ನಾಣ್ಯದ ವಾದದಲ್ಲಿ ತಿರುಳಿದೆಯೆಂದು ನಾನೇ ಬಲ್ಲೆ. ಆದರೆ ಅದನ್ನು ಒಪ್ಪಿದರೆ ಗ್ರೀಸಿನವರ ಕೈಕಾಲು ಕಟ್ಟಿದವರು ಯಾರೆಂಬ ಪ್ರಶ್ನೆ ಏಳುವುದರಿಂದ ಅಲ್ಲಿಗೇ ನಿಲ್ಲಿಸುತ್ತೇನೆ. ಇನ್ನು ನಮ್ಮ ಚಿಕಿತ್ಸೆಯ ಶಾಸ್ತ್ರಾಧಾರದ ಮಾತು: ರಾಷ್ಟ್ರದ ಸಾಲವು ಉತ್ಪನ್ನದ ನೂರಕ್ಕೆ 90ನ್ನು ಮೀರಿದರೆ ಅಭಿವೃದ್ಧಿಯು ಕುಸಿಯುವುದೆಂದು 2010ರಲ್ಲಿ ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಇಬ್ಬರು ವಿದ್ವಾಂಸರು ಬರೆದ ಪ್ರಬಂಧವು ನಮಗೆ ಎಷ್ಟೊಂದು ಆಸರೆಯಾಗಿತ್ತು! 2013ರಲ್ಲಿ ಥಾಮಸ್ ಹರ್ನ್ಡನ್ ಎಂಬ ವಿದ್ಯಾರ್ಥಿ ಅವರ ಲೆಕ್ಕದ ಹಾಳೆಯನ್ನು ಬಿಡಿಸಿ ನೋಡಿ, ಸರಾಸರಿಯ ಸೂತ್ರದಲ್ಲಿ ಐದು ದೇಶಗಳೇ ಬಿಟ್ಟುಹೋಗಿವೆಯೆಂದು ತೋರಿಸಿದ. ಲೆಕ್ಕ ತಪ್ಪಿತೇ ಹೊರತು ಶ್ರದ್ಧೆ ತಪ್ಪಲಿಲ್ಲ.

ಕೊನೆಯದಾಗಿ, ಹಣಕಾಸು ನಿಧಿಯ ಸಾಲವನ್ನು 2015ರಲ್ಲಿ ನೀವು ಅವಧಿಗೆ ಮುನ್ನವೇ ಪೂರ್ತಿಯಾಗಿ ತೀರಿಸಿದ್ದು ನನಗೆ ತುಂಬ ನೋವನ್ನುಂಟುಮಾಡಿತು. ಕುಲೀನನಾದ ಸಾಲಗಾರನು ಬಡ್ಡಿಯನ್ನು ಕಟ್ಟುತ್ತ ಅಸಲನ್ನು ಮೊಮ್ಮಕ್ಕಳಿಗೆ ಬಿಡುತ್ತಾನೆ. ಮುಂದಿನ ಸಲ ಮುಳುಗುವಾಗ ದಯಮಾಡಿ ಮೊದಲೇ ತಿಳಿಸಿ, ಪ್ರಜೆಗಳನ್ನು ಕೇಳಬೇಡಿ, ಪಾತ್ರೆಗಳನ್ನು ಅಡುಗೆಮನೆಯಲ್ಲಿಯೇ ಇಟ್ಟಿರಿ. ಮತ್ತು ಗ್ಲಿಟ್ನಿರಿನ ನನ್ನ ಬಾಂಡುಗಳಿಗೆ ಸಂಬಂಧಿಸಿದ ಪತ್ರವ್ಯವಹಾರಕ್ಕೆ ಆ ಆಕ್ರಾನೆಸ್ಸಿನ ಅಧಿಕಾರಿಯವರ ಕೈಯಿಂದ ಉತ್ತರ ಬರೆಸಬೇಡಿರೆಂದು ಪ್ರಾರ್ಥನೆ.

ಇತಿ,
ತಮ್ಮ ಹಿತಚಿಂತಕನಾದ
ಋಣಧರ್ಮದ ಒಬ್ಬ ಉಪಾಸಕ