ಸರ್ವರ್ ರಾಯರು

ದಕ್ಷಿಣ ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ನಾಲ್ಕು ಬೀದಿಗೊಬ್ಬರಂತೆ ಇಂಥವರು ಸಿಗುತ್ತಾರೆ. ವಯಸ್ಸು ಅರವತ್ತರ ಆಚೀಚೆ, ಸಾರ್ವಜನಿಕ ರಂಗದ ಕಾರ್ಖಾನೆಯಿಂದ ನಿವೃತ್ತಿ, ಮಗಳು ಅಮೆರಿಕದಲ್ಲಿ, ಮಾತೆತ್ತಿದರೆ ‘ಕ್ವಾಲಿಟಿ’. ಗುರುತು ಹಿಡಿಯಬೇಕಾದರೆ ಕರೆಂಟ್ ಹೋದಾಗ ಅವರ ಮನೆಗೆ ಹೋಗಬೇಕು. ಫ್ಯಾನ್ ನಿಂತಿರುತ್ತದೆ, ಫ್ರಿಜ್ ನಿಂತಿರುತ್ತದೆ, ಮಿಕ್ಸಿಯಲ್ಲಿ ಕಾಯಿಚಟ್ನಿ ಅರ್ಧಕ್ಕೇ ನಿಂತಿರುತ್ತದೆ. ಹಾಲಿನ ಶೋಕೇಸಿನಲ್ಲಿ, ಮೊದಲು ಚನ್ನಪಟ್ಟಣದ ಗೊಂಬೆಗಳಿದ್ದ ಜಾಗದಲ್ಲಿ, ಒಂದು ಕಪ್ಪು ಪೆಟ್ಟಿಗೆ ಮಾತ್ರ ಹಸಿರು ದೀಪ ಮಿಟುಕಿಸುತ್ತ ಕೂತಿರುತ್ತದೆ. ಮನೆಗಿರುವ ಒಂದೇ ಒಂದು ಯು.ಪಿ.ಎಸ್. ಅದಕ್ಕೆ ಮೀಸಲು.

“ಡಿಸ್ಕ್ ಬರೀತಾ ಇರೋವಾಗ ಕರೆಂಟ್ ಹೋದ್ರೆ ಫೈಲ್ ಸಿಸ್ಟಮ್ಮೇ ಕೆಟ್ಟುಹೋಗುತ್ತೆ ಸ್ವಾಮಿ” ಎಂದು ರಾಯರು ಕತ್ತಲಲ್ಲೇ ವಿವರಿಸುತ್ತಾರೆ.

“ಫ್ರಿಜ್‌ನಲ್ಲಿರೋ ಹಾಲು ಕೆಡಲ್ವೇನ್ರೀ?” ಎಂದು ಅಡುಗೆಮನೆಯಿಂದ ದನಿ ಬರುತ್ತದೆ.

ಪೆಟ್ಟಿಗೆಯ ಹೆಸರು ನಾಸ್. ಮನೆಯ ನೆಟ್‌ವರ್ಕಿಗೆ ಸಿಕ್ಕಿಸಿದ ಹಾರ್ಡ್ ಡಿಸ್ಕುಗಳ ಗೂಡು ಅಂದರೆ ಸಾಕು. ರಾಯರು ತಮ್ಮ ಸಂಗೀತವನ್ನೆಲ್ಲ ಅದರಲ್ಲಿ ತುಂಬಿ, ನ್ಯಾವಿಡ್ರೋಮ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿ, ಮನೆಯ ಯಾವ ಮೂಲೆಯಲ್ಲಿ ಕೂತರೂ ಫೋನಿನಲ್ಲಿ ಹಾಡು ಬರುವ ಹಾಗೆ ಮಾಡಿದ್ದಾರೆ. ಮನೆ ಇರುವುದು ಮೂವತ್ತು ನಲವತ್ತರ ಸೈಟಿನಲ್ಲಿ. ಒಂದು ಮೂಲೆಯಲ್ಲಿ ಹಾಡು ಹಾಕಿದರೆ ಉಳಿದ ಮೂರಕ್ಕೂ ಧಾರಾಳವಾಗಿ ಕೇಳಿಸುತ್ತದೆ. ಆ ಮಾತು ಬೇರೆ.

“ಇಷ್ಟೆಲ್ಲ ಯಾಕೆ ರಾಯರೇ, ತಿಂಗಳಿಗೆ ಇಷ್ಟು ಅಂತ ಕಟ್ಟಿದ್ರೆ ಆ್ಯಪ್‌ನಲ್ಲೇ ಎಲ್ಲಾ ಸಿಗುತ್ತಲ್ಲ” ಎಂದು ಬಾಯಿತಪ್ಪಿ ಕೇಳಿದಿರೋ, ಮುಗಿಯಿತು.

“ಅದು ಬಾಡಿಗೆ ಮನೆ. ಓನರ್ ಯಾವತ್ತು ಖಾಲಿ ಮಾಡಿ ಅಂತಾನೋ ಗೊತ್ತಿಲ್ಲ. ಗೋಡೆಗೊಂದು ಮೊಳೆ ಹೊಡೆಯೋ ಹಾಗಿಲ್ಲ.”

ಈ ಮಾತಿನಲ್ಲಿ ಹುರುಳಿದೆ. ಹಾಡಿನ ಹಕ್ಕುದಾರರಿಗೂ ಆ್ಯಪ್‌ನವರಿಗೂ ಕರಾರು ಮುಗಿದರೆ ನಿನ್ನೆ ಇದ್ದ ಹಾಡು ಇವತ್ತು ಇರುವುದಿಲ್ಲ. ಚಂದಾ ನಿಲ್ಲಿಸಿದ ದಿನ ಕೈಯಲ್ಲಿ ಉಳಿಯುವುದು ಏನೂ ಇಲ್ಲ. ಸೈಟು, ಸಾಲ, ಕಂತು ಎಂದೇ ನಡುವಯಸ್ಸು ಕಳೆದ ತಲೆಮಾರಿಗೆ ಹಾಡಿನ ಖಾತೆಯೂ ತಮ್ಮ ಹೆಸರಿನಲ್ಲೇ ಇರಲಿ ಅನ್ನಿಸಿದರೆ ತಪ್ಪೇನು?

ಸ್ವಂತದ್ದು ಅಂದಮೇಲೆ ಕಾವಲೂ ಬೇಕು. ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಸುತ್ತಿ, ಹಗಲೂ ರಾತ್ರಿ ತಿರುಗುವುದಕ್ಕೆಂದೇ ಮಾಡಿದ ನಾಲ್ಕು ಟೆರಾಬೈಟಿನ ಡಿಸ್ಕುಗಳನ್ನು ಜೋಡಿಯಾಗಿ ತಂದಿದ್ದಾರೆ. ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರುತ್ತದೆ. ಒಂದು ಕಣ್ಣು ಮುಚ್ಚಿದರೆ ಇನ್ನೊಂದು ಸಂಸಾರ ತೂಗಿಸುತ್ತದೆ. ಆದರೆ ಕೈತಪ್ಪಿ ಹಾಡು ಅಳಿಸಿದರೆ ಎರಡೂ ಸೇರಿಕೊಂಡು, ವಿಧೇಯವಾಗಿ, ಒಂದೇ ಕ್ಷಣದಲ್ಲಿ ಅಳಿಸಿಬಿಡುತ್ತವೆ. ಆದ್ದರಿಂದ ಮೂರನೆಯ ಪ್ರತಿ ಮನೆಯಿಂದ ಆಚೆ ಇರಬೇಕೆಂಬುದು ಈ ವಿದ್ಯೆ ಬಲ್ಲವರ ನಿಯಮ. ಅದು ಮೈಸೂರಿನಲ್ಲಿ, ರಾಯರ ತಂಗಿಯ ಬೀರುವಿನಲ್ಲಿ, ಧಾರೆ ಸೀರೆಯ ಕೆಳಗೆ, ನುಸಿಗುಳಿಗೆಯ ವಾಸನೆಯಲ್ಲಿದೆ. ವರ್ಷಕ್ಕೊಮ್ಮೆ ಗೌರಿ ಹಬ್ಬದ ಬಾಗಿನದ ಜೊತೆಗೆ ಹೊಸ ಪ್ರತಿ ಹೋಗುತ್ತದೆ, ಹಳೆಯದು ವಾಪಸು ಬರುತ್ತದೆ. “ಅಣ್ಣ ಹಬ್ಬಕ್ಕೆ ಬಂದನೋ, ಬ್ಯಾಕಪ್ಪಿಗೆ ಬಂದನೋ” ಎಂಬ ತಂಗಿಯ ಅನುಮಾನ ಇನ್ನೂ ಬಗೆಹರಿದಿಲ್ಲ.

ಎಂಪಿ3 ಎಂಬ ಹೆಸರನ್ನು ಆ ಮನೆಯಲ್ಲಿ ಎತ್ತುವಂತಿಲ್ಲ. ನಿಮ್ಮ ಕಿವಿಗೆ ಇದು ಕೇಳಿಸಲಾರದು ಎಂದು ತಾನೇ ತೀರ್ಮಾನಿಸಿ ನಾದದ ಒಂದಷ್ಟು ಭಾಗವನ್ನು ಬಿಸಾಡುವ ಅಧಿಕಪ್ರಸಂಗಿ ಅದು. ರಾಯರದು ಫ್ಲ್ಯಾಕ್, 2001ರಲ್ಲಿ ಬಂದ, ಸೀಡಿಯಲ್ಲಿದ್ದುದನ್ನು ಒಂದು ಬಿಟ್ಟೂ ಚೆಲ್ಲದೆ ಮಡಚಿಡುವ ಪದ್ಧತಿ. ಸೀಡಿಯಲ್ಲಿ ಒಂದು ಗಂಟೆಗೆ 635 ಎಂ.ಬಿ. ಹಿಡಿಯುವ ಸಂಗೀತ ಇದರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ ನಾಲ್ಕು ಟೆರಾಬೈಟ್ ಎಂದರೆ ಹನ್ನೊಂದು ಸಾವಿರ ಗಂಟೆಗೂ ಮೇಲೆ. ದಿನಾ ಮೂರು ಗಂಟೆ ಕೇಳಿದರೆ ಹತ್ತು ವರ್ಷ. ರಾಯರಿಗೆ ಅಷ್ಟು ಪುರುಸೊತ್ತೆಲ್ಲಿ? ಅವರಿಗೆ ಟ್ಯಾಗಿಂಗ್ ಕೆಲಸವಿದೆ.

ಈ ಟ್ಯಾಗಿಂಗ್‌ನಲ್ಲೇ ಅವರ ನಿಜವಾದ ಸಾಧನೆ ಇರುವುದು. ಗಾಯಕ, ಆಲ್ಬಮ್, ಹಾಡು ಎಂಬ ಮೂರು ಖಾನೆಗಳಲ್ಲಿ ಲೋಕದ ಸಂಗೀತವೆಲ್ಲ ಅಡಗುತ್ತದೆ ಎಂದು ನಂಬಿದವರು ಕಟ್ಟಿದ ವ್ಯವಸ್ಥೆಗೆ ನಮ್ಮ ಸಂಗೀತವನ್ನು ತುರುಕಿ ನೋಡಬೇಕು, ಆಗ ಗೊತ್ತಾಗುತ್ತದೆ. ಒಂದು ಸೀಡಿಯಲ್ಲಿ ‘ಪಂಡಿತ್ ಭೀಮಸೇನ್ ಜೋಷಿ’, ಇನ್ನೊಂದರಲ್ಲಿ ‘ಪಂ. ಭೀಮಸೇನ ಜೋಶಿ’, ಮತ್ತೊಂದರಲ್ಲಿ ಬರೀ ‘ಭೀಮಸೇನ್ ಜೋಶಿ’. ಸರ್ವರ್ ಪಾಲಿಗೆ ಮೂವರು ಬೇರೆ ಬೇರೆ ಗಾಯಕರು, ಮೂವರೂ ಗದುಗಿನ ಕಡೆಯವರು. ಅವರನ್ನು ಒಬ್ಬರನ್ನಾಗಿ ಮಾಡಿ ಮುಗಿಸುವಷ್ಟರಲ್ಲಿ ಇನಿಷಿಯಲ್ಲಿನ ತಾಪತ್ರಯ. ಅಕಾರಾದಿಯಲ್ಲಿ ಜೋಡಿಸಿದರೆ ಎಂ.ಎಸ್. ಸುಬ್ಬುಲಕ್ಷ್ಮಿ, ಎಂ.ಎಲ್. ವಸಂತಕುಮಾರಿ, ಎಂ.ಡಿ. ರಾಮನಾಥನ್, ಎಂ. ಬಾಲಮುರಳೀಕೃಷ್ಣ ಎಲ್ಲರೂ ಎಂ ಅಕ್ಷರದ ಕೆಳಗೆ ಒತ್ತಿಕೊಂಡು ನಿಂತಿರುತ್ತಾರೆ. ಆ ಸಾಲಿನಲ್ಲಿ ಸ್ವಂತ ಹೆಸರಿನ ಬಲದಿಂದ ಜಾಗ ಹಿಡಿದವರು ಮಲ್ಲಿಕಾರ್ಜುನ ಮನ್ಸೂರರು ಮಾತ್ರ.

ಸಿನಿಮಾ ಹಾಡಿನದು ಇನ್ನೊಂದು ಪುರಾಣ. ಅದನ್ನು ಹಾಡಿದವರ ಹೆಸರಿನಲ್ಲಿ ಇಡಬೇಕೋ, ಸಿನಿಮಾದ ಹೆಸರಿನಲ್ಲೋ, ರಾಜನ್-ನಾಗೇಂದ್ರರ ಹೆಸರಿನಲ್ಲೋ? ಮನೆಗೆ ಬಂದವರು ಕೇಳುವುದು ‘ರಾಜ್‌ಕುಮಾರ್ ಹಾಡು’. 1974ರ ‘ಸಂಪತ್ತಿಗೆ ಸವಾಲ್’ ಬರುವವರೆಗೆ ಅವರ ಹಾಡುಗಳಿಗೆ ಹೆಚ್ಚುಕಡಿಮೆ ಪಿ.ಬಿ. ಶ್ರೀನಿವಾಸರದೇ ಕಂಠ; ಆಮೇಲಿನವು ಬಹುಪಾಲು ರಾಜ್ ಅವರದೇ. ಬಂದವರು ಇದನ್ನೆಲ್ಲ ಕೇಳಿಸಿಕೊಂಡು, ಕಾಫಿ ಲೋಟ ಕೆಳಗಿಟ್ಟು, ಹಾಡು ಕೇಳದೆ ಎದ್ದುಹೋಗುತ್ತಾರೆ.

ಒಂದು ಕ್ಯಾಸೆಟ್ಟಿನ ವಿಷಯ ಹೇಳಲೇಬೇಕು. ರಾಯರ ತಂದೆ ಆಕಾಶವಾಣಿಯ ಕಛೇರಿಯೊಂದನ್ನು ರೇಡಿಯೋದ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಹಿಡಿದದ್ದು. ಕಲ್ಯಾಣಿ ಆಲಾಪನೆ ಮೇಲೇರುವ ಹೊತ್ತಿಗೆ ಕುಕ್ಕರ್ ಸೀಟಿ ಹೊಡೆಯುತ್ತದೆ. ಅದರ ಬೆನ್ನಿಗೇ ರಾಯರ ತಾಯಿ, “ಯಾರಾದ್ರೂ ಒಲೆ ಆರಿಸ್ರೋ!” ಎಂದು ಕೂಗುತ್ತಾರೆ. ಕ್ಯಾಸೆಟ್ಟಿನ ಸುಂಯ್ ಎನ್ನುವ ಸದ್ದು, ಕುಕ್ಕರು, ತಾಯಿ ಮೂವರನ್ನೂ ರಾಯರು ಸೀಡಿಗಿಂತ ಮೇಲ್ದರ್ಜೆಯಲ್ಲಿ, 24 ಬಿಟ್, 96 ಕಿಲೋಹರ್ಟ್ಜ್ ಲೆಕ್ಕದಲ್ಲಿ ಭದ್ರಪಡಿಸಿದ್ದಾರೆ. ಅಷ್ಟು ಎತ್ತರದ ಕಂಪನಗಳನ್ನು ಬಾವಲಿ ಕೇಳಬಹುದು. ಅರವತ್ತು ದಾಟಿದ ಕಿವಿಗೆ ಹದಿನೈದು ಸಾವಿರ ಹರ್ಟ್ಜ್ ಕೂಡ ದೂರದ ಮಾತು. ಆಮೇಲೆ ಎದ್ದ ಪ್ರಶ್ನೆ, ‘ಪಕ್ಕವಾದ್ಯ’ದ ಖಾನೆಯಲ್ಲಿ ತಾಯಿಯವರ ಹೆಸರು ಹಾಕುವುದೋ ಬೇಡವೋ. “ಹಾಕಿ. ಅತ್ತೆಯವರು ಶ್ರುತಿಗೆ ಸರಿಯಾಗೇ ಕೂಗಿದಾರೆ” ಎಂದು ಹೆಂಡತಿ ತೀರ್ಪು ಕೊಟ್ಟರು. ಹಾಕಿದರು. ಈಗ ಗಾಯಕರ ಪಟ್ಟಿಯಲ್ಲಿ ಗಂಗೂಬಾಯಿ ಹಾನಗಲ್ಲರಿಗೆ ತುಸು ಕೆಳಗೆ ಆ ತಾಯಿಯೂ ಇದ್ದಾರೆ.

ಮಗಳಿಗೆ ಅಮೆರಿಕದಲ್ಲೂ ಕೇಳಿಸಬೇಕೆಂಬುದು ರಾಯರ ಹಟವಾಗಿತ್ತು. ಬಹಳಷ್ಟು ಕಡೆ ಇಂಟರ್ನೆಟ್ ಕೊಡುವವರು ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂಡಿಹಾಕಿರುತ್ತಾರೆ. ಹೊರಗಿನಿಂದ ಬಂದವರಿಗೆ ನಿಮ್ಮ ಮನೆಯ ಬಾಗಿಲು ಯಾವುದೆಂದೇ ಗೊತ್ತಾಗುವುದಿಲ್ಲ. ರೌಟರಿನ ಜೊತೆ ಗುದ್ದಾಡಿ ಸೋತು, ಕೊನೆಗೆ ಟೇಲ್‌ಸ್ಕೇಲ್ ಎಂಬ ಖಾಸಗಿ ಸುರಂಗ ತೋಡಿ ದಾರಿ ಮಾಡಿದರು. ಉದ್ಘಾಟನೆಯ ದಿನ ಫೋನಿನಲ್ಲಿ ನಡೆದ ಸಂಭಾಷಣೆ ನನಗೂ ಕೇಳಿಸಿತು.

“ಪುಟ್ಟಿ, ಹಾಡು ಬಂತಾ?”

“ಬಂತಪ್ಪ. ಚೆನ್ನಾಗಿದೆ. ಆದ್ರೆ ನಾನೀಗ ಮೀಟಿಂಗ್‌ನಲ್ಲಿದೀನಿ.”

“ಪರವಾಗಿಲ್ಲ, ಮ್ಯೂಟ್ ಮಾಡ್ಕೊ. ನಿಲ್ಲಿಸಬೇಡ. ಇಲ್ಲಿ ನಿನ್ನ ಹೆಸರು ತೋರಿಸ್ತಾ ಇದೆ.”

ಪರದೆಯ ಮೇಲೆ ‘ಈಗ ಕೇಳುತ್ತಿರುವವರು’ ಎಂಬಲ್ಲಿ ಮಗಳ ಹೆಸರು ಇರುವಷ್ಟು ಹೊತ್ತೂ ರಾಯರು ಕುರ್ಚಿ ಬಿಟ್ಟು ಏಳಲಿಲ್ಲ. ಅವಳಿಗೆ ಅಲ್ಲಿ ಆ್ಯಪಿನ ಫ್ಯಾಮಿಲಿ ಪ್ಲ್ಯಾನ್ ಇದೆ. ಅದರಲ್ಲಿ ಅಪ್ಪನನ್ನೂ ಸೇರಿಸಿದ್ದಾಳೆ. ಇದನ್ನು ಅಪ್ಪನಿಗೆ ಹೇಳಿಲ್ಲ, ಅಮ್ಮನಿಗೆ ಹೇಳಿದ್ದಾಳೆ. ಅಮ್ಮ ಆ ಜಾಗದಲ್ಲಿ ಬೆಳಿಗ್ಗೆ ಸುಪ್ರಭಾತದಿಂದ ಹಿಡಿದು ರಾತ್ರಿ ಭಾವಗೀತೆವರೆಗೆ ಎಲ್ಲ ಕೇಳುತ್ತಿದ್ದಾರೆ. ರಾಯರಿಗೆ ಅದು ತಮ್ಮ ಸರ್ವರಿನದೇ ನಾದವೆಂಬ ನಂಬಿಕೆ. “ಕೇಳಿದ್ರಾ, ಫ್ಲ್ಯಾಕ್ ಅಂದ್ರೆ ಇದು!” ಎಂದು ಅಡುಗೆಮನೆಯ ಕಡೆ ಕೈ ತೋರಿಸುತ್ತಾರೆ.

ರಾಯರು ತಾವೇ ಕೇಳುವ ಕ್ರಮ ನೋಡಬೇಕು. ನಮ್ಮನ್ನು ಸೋಫಾದ ನಟ್ಟನಡುವೆ ಕೂರಿಸಿ, “ಎಡಗಡೆ ತಂಬೂರಿ ಗಮನಿಸಿ” ಎನ್ನುತ್ತಾರೆ. ಗಮನಿಸುವಷ್ಟರಲ್ಲಿ ಹಾಡು ಬದಲು. “ಈಗ ಇದರ ಬಾಸ್ ನೋಡಿ.” ಅದೂ ಬದಲು. ಒಂದು ಖಯಾಲಿನ ಸ್ಥಾಯಿ ಮುಗಿದು ಅಂತರಾ ಮುಟ್ಟಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿಲ್ಲ. ಸಾಮಾನ್ಯವಾಗಿ ಅರ್ಧ ಹಾಡಾದರೂ ಮುಗಿದರೆ ಮಾತ್ರ ಈ ಆ್ಯಪ್‌ಗಳು ‘ಒಂದು ಸಲ ಕೇಳಿದ್ದು’ ಎಂದು ಲೆಕ್ಕ ಬರೆಯುತ್ತವೆ. ರಾಯರ ಹೆಸರಿನ ಮುಂದೆ ಉದ್ದಕ್ಕೂ ಸೊನ್ನೆ. ಅದನ್ನು ತೋರಿಸಿದಾಗ, ಲೆಕ್ಕ ಹಿಡಿಯುವುದರಲ್ಲೇ ಏನೋ ದೋಷವಿದೆ ಎಂದು ಇಡೀ ಸಂಗ್ರಹವನ್ನು ಮತ್ತೊಮ್ಮೆ ಸ್ಕ್ಯಾನಿಗೆ ಹಾಕಿದರು. ರಾತ್ರಿಯಿಡೀ ಡಿಸ್ಕುಗಳು ಕಟಕಟ ಎನ್ನುತ್ತಿದ್ದವು. ಶೋಕೇಸಿಗೆ ಇಲಿ ಹೊಕ್ಕಿದೆ ಎಂದು ಮನೆಯಾಕೆ ಬೋನು ಇಟ್ಟರು.

ಈ ಸಲ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತಕ್ಕೆ ರಾಯರನ್ನು ಎಳೆದುಕೊಂಡು ಹೋಗಿದ್ದೆ. 1939ರಿಂದ ನಡೆದುಬಂದ ರಾಮಸೇವಾ ಮಂಡಲಿಯ ಪೆಂಡಾಲು, ಕೋಸಂಬರಿ, ಪಾನಕ, ಕಿಕ್ಕಿರಿದ ಜನ. ಮುಖ್ಯ ಕೃತಿ ಮುಗಿಯುತ್ತ ಬಂದು ಮೃದಂಗ ಘಟಗಳ ತನಿ ಶುರುವಾಯಿತು. ಸುತ್ತಮುತ್ತ ಕೂತವರೆಲ್ಲ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ರಾಯರೊಬ್ಬರೇ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಕೈ ಕಟ್ಟಿ ಕೂತಿದ್ದರು. ಅಂತೂ ತಲ್ಲೀನರಾದರಲ್ಲ ಎಂದು ನನಗೆ ಖುಷಿಯಾಯಿತು. ಕೋರ್ವೆ ಬೀಳುವ ಹೊತ್ತಿಗೆ ಸರಿಯಾಗಿ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು:

“ಈ ತನಿಯನ್ನ ಬೇರೆ ಟ್ರ್ಯಾಕ್ ಮಾಡ್ಬೇಕೋ, ಕೃತಿ ಜೊತೆಗೇ ಬಿಡ್ಬೇಕೋ?”