ಲೆಕ್ಕಭೀಮ

ನಮ್ಮ ಕಡೆ ಮನೆಗೊಬ್ಬ ಲೆಕ್ಕಭೀಮ ಇದ್ದೇ ಇರುತ್ತಾನೆ. ಹೆಲ್ಮೆಟ್ಟು ಕೊಳ್ಳೋಕೆ ಮುಂಚೆ ನಲವತ್ತು ವಿಡಿಯೊ ನೋಡಿ, ಮೂರು ಅಂಗಡಿ ಅಲೆದು, ಐಎಸ್‌ಐ ಗುರುತನ್ನು ಉಗುರಲ್ಲಿ ಕೆರೆದು ಪರೀಕ್ಷೆ ಮಾಡಿ, ಕೊನೆಗೆ ಕೊಂಡದ್ದನ್ನು ಬೈಕಿನ ಕನ್ನಡಿಗೆ ನೇತುಹಾಕಿಕೊಂಡು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗಿಬರುವವನು. ನಮ್ಮ ಮನೆಯವನು ನನ್ನ ದೊಡ್ಡಮ್ಮನ ಮಗ. ಬೆಂಗಳೂರಲ್ಲಿ ಸಾಫ್ಟ್‌ವೇರು. ಶನಿವಾರ ಊರಿಗೆ ಬಂದರೆ ಒಂದು ಚೀಲದಲ್ಲಿ ಒಗೆಯೋ ಬಟ್ಟೆ, ಇನ್ನೊಂದರಲ್ಲಿ ದಾಳ.

ದಾಳ ಅಂದರೆ ಪಗಡೆಯದಲ್ಲ. ಇಪ್ಪತ್ತು ಮುಖದ್ದು, ನೆಲ್ಲಿಕಾಯಿ ಗಾತ್ರದ್ದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಆಟ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ಕಟ್ಟಿದ್ದು. ಸುತ್ತ ಕೂತು ನಾನು ವೀರ, ನೀನು ಮಾಂತ್ರಿಕ ಅಂತ ಹೇಳಿಕೊಳ್ಳಬೇಕು. ಕಥೆ ನಡೆಸೋಕೆ ಒಬ್ಬ ಡಂಜನ್ ಮಾಸ್ಟರು. ನಮ್ಮ ಗುಂಪಿನಲ್ಲಿ ಆ ಕೆಲಸ ಚಿಕ್ಕಬಳ್ಳಾಪುರದ ಗೆಳೆಯನದು. ಊರ ನಾಟಕದಲ್ಲಿ ಮಾಸ್ಟರು ಅಂದರೆ ಹಾರ್ಮೋನಿಯಂ ಮುಂದೆ ಕೂತವನು. ಅದಕ್ಕೆ ಮನೆಯವರೆಲ್ಲ ಅವನನ್ನು 'ಮೇಷ್ಟ್ರು' ಅಂತಲೇ ಕರೆಯುತ್ತಾರೆ, ಪೆಟ್ಟಿಗೆ ಎಲ್ಲಿ ಅಂತ ಒಮ್ಮೆ ಕೇಳಿಯೂ ಇದ್ದಾರೆ. ಮಾಂತ್ರಿಕ ಗೌರಿಬಿದನೂರಿನವನು. ಅವನೂರಿನ ಹಳಿ ಹಿಂದೂಪುರಕ್ಕೆ ಹೋಗುತ್ತೆ, ನಮ್ಮದು ಕೋಲಾರಕ್ಕೆ. ಹಾಗಾಗಿ ಎರಡು ಬಸ್ಸು ಬದಲಿಸಿ, ಬೆವರಿಳಿಸಿಕೊಂಡು ಬರುವ ಮಾಂತ್ರಿಕ. ನಾನು ವೈದ್ಯ. ನನ್ನ ಕೆಲಸ ಲೆಕ್ಕಭೀಮ ಏಟು ತಿಂದಾಗ ಬದುಕಿಸೋದು. ಅವನು ಇನ್ನೂ ಏಟು ತಿಂದಿಲ್ಲ. ಆಟವೇ ಶುರುವಾಗಿಲ್ಲವಲ್ಲ.

ಯಾಕೆಂದರೆ ಅವನಿನ್ನೂ ಅಂಗಡಿಯಲ್ಲೇ ಇದ್ದಾನೆ. ಕತ್ತಿ-ಗುರಾಣಿ ತಗೋಬೇಕೋ, ಎರಡು ಕೈಲಿ ಬೀಸೋ ಮಹಾಖಡ್ಗ ತಗೋಬೇಕೋ? ಮಹಾಖಡ್ಗಕ್ಕೆ 50 ಚಿನ್ನದ ನಾಣ್ಯ. ಕತ್ತಿಗೆ 15, ಗುರಾಣಿಗೆ 10. "ಅರ್ಧ ರೇಟಿಗೆ ಎರಡು ಸಾಮಾನು ಬರುತ್ತೆ" ಅಂದ. ಇರೋ ದುಡ್ಡು ಹಾಳೆ ಮೇಲಿನದು, ಆದರೂ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಳೆದ ಮಗ. ನಾಲಿಗೆ ಚೌಕಾಸಿ ಬಿಡಲ್ಲ.

ಆಮೇಲೆ ಎಕ್ಸೆಲ್ಲು ತೆಗೆದ. ಗುರಾಣಿ ಹಿಡಿದರೆ ರಕ್ಷಣೆಯ ಅಂಕ ಎರಡು ಏರುತ್ತೆ. ಹನ್ನೊಂದು ಬಿದ್ದರೆ ತಾಗಬೇಕಾಗಿದ್ದ ಏಟಿಗೆ ಇನ್ನು ಹದಿಮೂರು ಬೀಳಬೇಕು. ಅಂದರೆ ತಾಗೋ ಹತ್ತು ಏಟಿನಲ್ಲಿ ಎರಡು ತಪ್ಪುತ್ತೆ. ಅತ್ತ ಮಹಾಖಡ್ಗಕ್ಕೆ ಆರು ಮುಖದ ಎರಡು ದಾಳ, ಸರಾಸರಿ ಏಳು. ಕತ್ತಿಗೆ ಎಂಟು ಮುಖದ್ದು ಒಂದೇ, ಸರಾಸರಿ ನಾಲ್ಕೂವರೆ. ತೋಳ್ಬಲದ ಮೂರು ಸೇರಿಸು. 30 ಪ್ರಾಣದ ರಾಕ್ಷಸ ಒಂದರಲ್ಲಿ ಮೂರೇಟಿಗೆ ಸಾಯ್ತಾನೆ, ಇನ್ನೊಂದರಲ್ಲಿ ನಾಲ್ಕಕ್ಕೆ. ರಾತ್ರಿ ಹನ್ನೊಂದಾಗಿತ್ತು. ನಾವು ಮೂರು ಜನ ಆ ಒಂದೇಟಿಗಾಗಿ ಎರಡು ಗಂಟೆಯಿಂದ ಕಾಯುತ್ತಿದ್ದೆವು.

"ನಿನಗೆ ಮಂತ್ರನೂ ಬೇಕಾದ್ರೆ ಒಂದು ಕೈ ಖಾಲಿ ಇರಬೇಕು" ಅಂತ ಮೇಷ್ಟ್ರು ಸುಮ್ಮನಿರಲಾರದೆ ಹೇಳಿಬಿಟ್ಟ. ಹೊಸ ಹಾಳೆ ತೆರೆಯಿತು.

ಪಕ್ಕದ ಹುಳುಮನೆಯಲ್ಲಿ ಸಣ್ಣ ಮಳೆ ಬಂದ ಹಾಗೆ ಸದ್ದು. ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಆಗ ಅವು ಸೊಪ್ಪು ಮೇಯುವುದು ಹಾಗೆಯೇ. ದೊಡ್ಡಪ್ಪ ಸೊಪ್ಪು ಹಾಕಿ, ಲುಂಗಿಗೆ ಕೈ ಒರೆಸುತ್ತ ಬಂದು, ಪರದೆಯಲ್ಲಿದ್ದ ಗುರಾಣಿಯ ಚಿತ್ರ ನೋಡಿದ. "ನಮ್ಮ ಹುಳನೂ ಅದನ್ನೇ ಆರಿಸ್ಕೊಳ್ಳೋದು ಕಣೋ. ಮೂರು ದಿನ ಬಾಯಿಂದ ನೂಲು ತೆಗೆದು ಸುತ್ತಲೂ ಗುರಾಣಿ ಕಟ್ಕೊಳ್ಳುತ್ತೆ. ಆಮೇಲೆ ಗುರಾಣಿ ಸಮೇತ ಬಿಸಿನೀರಿಗೆ." ಹೇಳಿ ಮಲಗಲು ಹೋದ. ಲೆಕ್ಕಭೀಮ ಗುರಾಣಿ ಅಳಿಸಿದ.

ಆಗ ಬಂದವನು ಚಿಕ್ಕಪ್ಪ, ನಮ್ಮ ವಂಶದ ನಿಜವಾದ ಭೀಮ. ಊರಿನಲ್ಲಿ ಕುರುಕ್ಷೇತ್ರ ನಾಟಕ ಅಂದರೆ ಪಾತ್ರಕ್ಕೆ ನಟನೇ ದುಡ್ಡು ಕೊಡಬೇಕು, ಗೊತ್ತಲ್ಲ. ಎರಡು ಸಲ ಟೊಮೆಟೊ ದುಡ್ಡನ್ನು ಭೀಮನಿಗೆ ಸುರಿದವನು ಇವನು. ಗದೆ ಬಾಡಿಗೆಯದಾಗಬಾರದು ಅಂತ ಸ್ವಂತದ್ದು ಮಾಡಿಸಿ, ಅಟ್ಟದ ಮೇಲೆ ಯೂರಿಯಾ ಚೀಲದಲ್ಲಿ ಇಟ್ಟಿದ್ದಾನೆ. ಒಳಗೆಲ್ಲ ಪೊಳ್ಳು, ಮೇಲೆ ಚಿನ್ನದ ಕಾಗದ.

"ಗದೆ ಎರಡು ಕೈ ಆಯುಧ ಅಂತ ಯಾರು ಹೇಳಿದ್ದು?" ಅಂದ. ಗದೆ ಇಳಿಸಿಕೊಂಡು ಬಂದು ಬಲ ಹೆಗಲಿಗೆ ಏರಿಸಿ ನಿಂತ. ಎಡಗೈ ಸೊಂಟದ ಮಟ್ಟದಲ್ಲಿ, ಜನಕ್ಕೆ ಕಾಣದ ಹಾಗೆ, ಬೆರಳು ಮೇಲಕ್ಕೆ ಕುಣಿಯುತ್ತಿತ್ತು. "ಇದು ಮೇಷ್ಟ್ರಿಗೆ ಸನ್ನೆ, ಶ್ರುತಿ ಏರಿಸು ಅಂತ. ಇಳಿಸೋಕೆ ಹೀಗೆ. ಈ ಕೈಗೆ ಗುರಾಣಿ ಕೊಟ್ಟರೆ ಕಂದಪದ್ಯ ಕೆಟ್ಟುಹೋಗುತ್ತೆ. ಇನ್ನೊಂದು ವಿಷಯ. ಜನ ಮೇಲೆ ಹತ್ತಿ ಬಂದು ಎದೆಗೆ ನೋಟು ಪಿನ್ ಮಾಡ್ತಾರೆ. ಗುರಾಣಿ ಅಡ್ಡ ಹಿಡಿದರೆ ಎಲ್ಲಿಗೆ ಚುಚ್ತಾರೆ?"

ನನಗೆ ಇದು ಎಕ್ಸೆಲ್ಲಿಗಿಂತ ಗಟ್ಟಿ ವಾದ ಅನ್ನಿಸಿತು. ಲೆಕ್ಕಭೀಮ ಮಾತ್ರ ಒಪ್ಪಲಿಲ್ಲ. "ಅಭಿಮನ್ಯು ಕತ್ತಿ-ಗುರಾಣಿ ಹಿಡಿದಿದ್ದ" ಅಂದ.

"ಹಿಡಿದಿದ್ದ. ಕತ್ತಿನ ದ್ರೋಣ ಕಡಿದ, ಗುರಾಣಿನ ಕರ್ಣ ಕಡಿದ. ಆಮೇಲೆ ಗಾಲಿ ಎತ್ತಿದನಲ್ಲ, ಅದು ಎಷ್ಟು ಕೈದು? ನಿಮ್ಮ ಪುಸ್ತಕದಲ್ಲಿ ಗಾಲಿಗೆ ರೇಟು ಹಾಕಿದ್ದಾರಾ?"

ಮೇಷ್ಟ್ರು ಪುಸ್ತಕ ತಿರುವಿಹಾಕಿದ. ಆಯುಧದ ಪಟ್ಟಿಯಲ್ಲಿ ಗಾಲಿ ಸಿಗಲಿಲ್ಲ.

"ಅಷ್ಟು ದೂರ ಯಾಕೆ, ಇಲ್ಲೇ ಚಿಂತಾಮಣಿ ಪಕ್ಕದ ಕೈವಾರ. ಅದೇ ಏಕಚಕ್ರಪುರ. ಬಕಾಸುರನ್ನ ಭೀಮ ಎಂಥದ್ದರಲ್ಲಿ ಹೊಡೆದ? ಬಂಡಿ ಅನ್ನ ಮುಂದೆ ಇಟ್ಕೊಂಡು ಉಣ್ತಾ ಕೂತಿದ್ದ. ಅವನು ಬಂದು ಬೆನ್ನಿಗೆ ಎರಡು ಕೈಲಿ ಗುದ್ದಿದ. ಇವನು ತಿರುಗಿಯೂ ನೋಡಲಿಲ್ಲ, ಉಂಡ. ಕೈ ತೊಳೆದ. ಆಮೇಲೆ ಎದ್ದ. ಕೊನೆಗೆ ಬರೀ ಕೈಲಿ ಬೆನ್ನು ಮುರಿದ."

ಒಂದು ಕ್ಷಣ ಹುಳು ಮೇಯುವ ಸದ್ದು ಬಿಟ್ಟರೆ ಬೇರೇನಿಲ್ಲ. ಲೆಕ್ಕಭೀಮ ಕನ್ನಡಕ ಮೇಲಕ್ಕೇರಿಸಿ ಕೇಳಿದ: "ಹಾಗಾದ್ರೆ ಭೀಮನ ಬೆನ್ನಿನ ರಕ್ಷಣೆಯ ಅಂಕ ಎಷ್ಟು ಇರಬಹುದು?"

ಚಿಕ್ಕಪ್ಪ ಗದೆಯನ್ನು ಯೂರಿಯಾ ಚೀಲಕ್ಕೆ ಹಾಕಿಕೊಂಡು ಹೊರಟುಹೋದ.

ಎರಡು ಗಂಟೆಗೆ ತೀರ್ಮಾನವಾಯಿತು. ಉದ್ದಕತ್ತಿ. ಅದನ್ನು ಒಂದು ಕೈಲೂ ಹಿಡಿಯಬಹುದು, ಎರಡು ಕೈಲೂ ಹಿಡಿಯಬಹುದು. ಎರಡರಲ್ಲಿ ಹಿಡಿದರೆ ದಾಳ ಎಂಟರ ಬದಲು ಹತ್ತು ಮುಖದ್ದು. "ಸಮಯ ನೋಡ್ಕೊಂಡು ಮಾಡೋಣ, ಗುರಾಣಿ ಬೆನ್ನಿಗಿರಲಿ" ಅಂದ. ಪ್ರತಿ ಏಟಿಗೂ ಮೊದಲು ಈ ಚರ್ಚೆ ಹೊಸದಾಗಿ ನಡೆಯುತ್ತದೆ ಅಂತ ಹೊಳೆದದ್ದೇ ಮಾಂತ್ರಿಕ ಚಾಪೆ ಬಿಚ್ಚಿ ಮಲಗಿಬಿಟ್ಟ.

ಬೆಳಿಗ್ಗೆ ಅಡುಗೆಮನೆಯಲ್ಲಿ ದೊಡ್ಡಮ್ಮ ಒಬ್ಬಳೇ ಯುದ್ಧದಲ್ಲಿದ್ದಳು. ಸಾಸಿವೆ ಸಿಡಿಯುತ್ತಿತ್ತು, ಎಡಗೈಲಿ ಮುಚ್ಚಳ ಅಡ್ಡ ಹಿಡಿದು ಬಲಗೈಲಿ ಸೌಟು ಆಡಿಸಿದಳು. ಒಗ್ಗರಣೆ ಮುಗಿದದ್ದೇ ಮುಚ್ಚಳ ಎಸೆದು, ಮುದ್ದೆ ಕೋಲನ್ನು ಎರಡು ಕೈಲೂ ಹಿಡಿದು ರಾಗಿ ಹಿಟ್ಟಿನ ಮೇಲೆ ಬಿದ್ದಳು. ಪಾತ್ರೆ ಅಲ್ಲಾಡಿತು. "ಬಾರೋ ಇಲ್ಲಿ, ಇದನ್ನ ಒತ್ತಿ ಹಿಡ್ಕೋ" ಅಂತ ಕೂಗಿದಳು.

ಲೆಕ್ಕಭೀಮ ಬಾಗಿಲಲ್ಲಿ ನಿಂತು ಪಾತ್ರೆಯನ್ನು, ಹಬೆಯನ್ನು, ತನ್ನ ಅಂಗೈಗಳನ್ನು ನೋಡಿದ. "ಒಂದು ಕೈಲಾ ಅಮ್ಮ, ಎರಡು ಕೈಲಾ?"

ದೊಡ್ಡಮ್ಮ ತಲೆ ಎತ್ತಲಿಲ್ಲ. ಕವೆಗೋಲನ್ನು ಅವನ ಕಡೆ ಒದ್ದಳು.

"ಕಾಲಲ್ಲಿ."