ಗ್ಯಾರೇಜ್ ತಾಪನ ಮೀಮಾಂಸೆ: ಗದಗ ಸೀಮೆಯ ಥಂಡಿಗೆ ಅನ್ವಯಿಸಿ

ವಾಹನವು ರಾತ್ರಿ ಕಳೆಯುವ ಸ್ಥಳವನ್ನು ಚಳಿಗಾಲದಲ್ಲಿ ವಿದ್ಯುತ್ ಹೀಟರ್‌ನಿಂದ ಬೆಚ್ಚಗಿಡುವ ವಿದ್ಯೆಗೆ ಗ್ಯಾರೇಜ್ ತಾಪನವೆಂದು ಹೆಸರು. ಕೆನಡಾದ ವಿನ್ನಿಪೆಗ್‌ನಲ್ಲಿ ಚಳಿ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವುದುಂಟು. ಅಲ್ಲಿ ಎಂಜಿನ್ನಿಗೂ ಪ್ಲಗ್ ಚುಚ್ಚಿ ಕಾಯಿಸುತ್ತಾರೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಡಿಸೆಂಬರ್-ಜನವರಿಯ ನಸುಕಿನಲ್ಲಿ ಪಾದರಸ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದರೂ ಅಷ್ಟಕ್ಕೇ ಮಫ್ಲರು, ಸ್ವೆಟರು, ಕೌದಿ, ಕಂಬಳಿಗಳು ಟ್ರಂಕಿನಿಂದ ಹೊರಬೀಳುವ ಕಾರಣ, ಶಾಸ್ತ್ರದ ಮಟ್ಟಿಗೆ ಇದನ್ನು ಥಂಡಿಯೆಂದೇ ಒಪ್ಪತಕ್ಕದ್ದು.

ಈ ಸೀಮೆಯ ಗ್ಯಾರೇಜುಗಳು ಸ್ಥೂಲವಾಗಿ ನಾಲ್ಕು ಬಗೆ: ಶಟರ್ ಇಳಿಸಿದ ಕೋಣೆ, ತಗಡಿನ ಶೆಡ್ಡು, ಹಳೆಯ ಮನೆಯ ದಂದಕ್ಕಿ ಮತ್ತು ಓಣಿ. ಬಹುಸಂಖ್ಯಾತ ವಾಹನಗಳು ನಾಲ್ಕನೆಯದರಲ್ಲೇ ಮಲಗುತ್ತವೆ. ಮುಂಡರಗಿಯ ಓಣಿಯನ್ನು ಕಾಯಿಸಹೊರಟರೆ ಮೂಡಣ ದಿಕ್ಕಿನಲ್ಲಿ ಕೊಪ್ಪಳ ಜಿಲ್ಲೆಯವರೆಗೆ ಗೋಡೆಯೇ ಸಿಗದ ಕಾರಣ ಅದನ್ನು ಈ ಗ್ರಂಥದ ವ್ಯಾಪ್ತಿಯಿಂದ ಕೈಬಿಡಲಾಗಿದೆ.

ಮೂರನೆಯದಾದ ದಂದಕ್ಕಿಗೆ ಮಾತ್ರ ಇತಿಹಾಸವಿದೆ. ಹಳೆಯ ಮಣ್ಣಿನ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ಎತ್ತುಗಳ ಜಾಗ, ಅದಕ್ಕಿಂತ ಎತ್ತರದಲ್ಲಿ ಮಂದಿ ಮಲಗುವ ಪಡಸಾಲಿ. ವಿಶ್ರಾಂತಿಯಲ್ಲಿರುವ ಒಂದು ಎತ್ತಿನ ಮೈಯಿಂದ ಸುಮಾರು 400 ವ್ಯಾಟ್ ಶಾಖ ಹೊರಡುತ್ತದೆ. ಅಂದರೆ ಒಂದು ಜೋಡಿ ಎತ್ತು ರೂಮ್ ಹೀಟರಿನ ಮೊದಲ ಗುಂಡಿಗೆ ಸರಿಸುಮಾರು ಸಮ. ಈ ಯಂತ್ರಕ್ಕೆ ಪ್ಲಗ್ ಬೇಡ, ಫ್ಯೂಸ್ ಹೋಗುವುದಿಲ್ಲ. ಗ್ವಾದಲಿಗೆ ಕಣಕಿ ಹಾಕಿದರೆ ರಾತ್ರಿಯಿಡೀ ನಡೆಯುತ್ತದೆ. ಮುಂಜಾನೆ ಸಗಣಿ ಕೊಡುತ್ತದೆ, ಸಗಣಿ ಕುಳ್ಳಾಗುತ್ತದೆ, ಕುಳ್ಳು ಮತ್ತೆ ಒಲೆಗೆ. ಯಾವ ಕಂಪನಿಯ ಹೀಟರಿನಿಂದಲೂ ಇಂಥ ಉಪೋತ್ಪನ್ನ ದೊರೆತ ದಾಖಲೆಯಿಲ್ಲ. ಎತ್ತುಗಳು ಹೋಗಿ ಅದೇ ಗೂಟದ ಪಕ್ಕ ಮೋಟರ್ ಸೈಕಲ್ ನಿಂತ ಮೇಲೆ ಮನೆಯ ಶಾಖಮೂಲ ಕಣ್ಮರೆಯಾಯಿತು. ಮೋಟರ್ ಸೈಕಲ್ಲು ಮನೆಗೆ ಬಂದ ಅರ್ಧ ತಾಸು ಬೆಚ್ಚಗಿರುತ್ತದೆ. ಆಮೇಲೆ ಅದೂ ಮನೆಯವರಂತೆ ಥಂಡಿ ಸಹಿಸುತ್ತದೆ.

ಈಗ ಗಣಿತ. ಮೂರು ಮೀಟರ್ ಅಗಲ, ಐದು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಕೋಣೆಯಲ್ಲಿರುವ ಗಾಳಿಯ ತೂಕ ಸುಮಾರು 50 ಕಿಲೋ. ಅದನ್ನು 10 ಡಿಗ್ರಿ ಏರಿಸಲು 2,000 ವ್ಯಾಟ್ ಹೀಟರಿಗೆ ನಾಲ್ಕೇ ನಿಮಿಷ ಸಾಕು. ಕಾಗದದ ಮೇಲೆ ಕೋಣೆ ಬೆಚ್ಚಗಾಯಿತು. ನೆಲದ ಮೇಲಾದರೋ, ಕಬ್ಬಿಣದ ಶಟರು ಶಾಖವನ್ನು ತಡೆಯದೆ ಹೊರಗೆ ಸಾಗಿಸುತ್ತದೆ, ಅದರ ಕೆಳಗಿನ ಸಂದಿನಿಂದ ಮೂಡಗಾಳಿ ಒಳಬರುತ್ತದೆ. ತಗಡಿನ ಶೆಡ್ಡಿನ ಗತಿ ಇನ್ನೂ ಕಷ್ಟ. ಮೋಡವಿಲ್ಲದ ರಾತ್ರಿ ತಗಡು ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಚೆಲ್ಲಿ ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ದಪ್ಪ ಮಣ್ಣಿನ ಗೋಡೆ ಮಾತ್ರ ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ರಾತ್ರಿ ಬಿಡುತ್ತದೆ. ಹೀಟರ್ ಬೇಡದ ಕೋಣೆಯೊಂದೇ ಹೀಟರಿನ ಶಾಖವನ್ನು ಉಳಿಸಿಕೊಳ್ಳಬಲ್ಲದು ಎಂಬುದು ಈ ಶಾಸ್ತ್ರದ ಪ್ರಥಮ ಪ್ರಮೇಯ.

ಪೂರ್ವಪಕ್ಷವು ಸಾಮಾನ್ಯವಾಗಿ ಡಿಸೆಂಬರ್ ರಜೆಗೆ ಹೊರದೇಶದಿಂದ ಬಂದ ಮಗನದು: ಥಂಡಿಗೆ ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ, ಗ್ಯಾರೇಜ್ ಕಾಯಿಸಬೇಕು. ಇದಕ್ಕೆ ಹಿರಿಯರ ಉತ್ತರಪಕ್ಷ: ‘ತಮ್ಮಾ, ಗಾಡಿಗೇನು ನೆಗಡಿ ಆಗತೈತೇನು?’ ಆಯಿಲ್ ಡಬ್ಬಿಯೂ ಹಿರಿಯರ ಪರ. 20ಡಬ್ಲ್ಯೂ-40 ಆಯಿಲನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೂ ಎಂಜಿನ್ ತಿರುಗುವಂತೆ ಪರೀಕ್ಷಿಸಿರುತ್ತಾರೆ. ಗದಗದ ಥಂಡಿಗೂ ಆ ಮಿತಿಗೂ ನಡುವೆ 30 ಡಿಗ್ರಿಗಳ ಅಂತರವಿದೆ. ಕಾರ್ಬ್ಯುರೇಟರಿನ ಹಳೆಯ ಗಾಡಿ ನಸುಕಿನಲ್ಲಿ ಹಟ ಹಿಡಿಯುವುದು ನಿಜ. ಅದಕ್ಕೆ ಚೋಕ್ ಎಳೆದು ನಾಲ್ಕು ಕಿಕ್ ಹೊಡೆದರಾಯಿತು. ಈ ಕ್ರಿಯೆಯಲ್ಲಿ ಗಾಡಿಗಿಂತ ಮೊದಲು ಮಾಲೀಕ ಬೆಚ್ಚಗಾಗುತ್ತಾನೆ.

ಅಪಾಯ ಪ್ರಕರಣದಲ್ಲಿ ವಿನೋದಕ್ಕೆ ಎಡೆಯಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮಟ್ಟದಲ್ಲಿ ಹರಡಿಕೊಳ್ಳುತ್ತದೆ, ಕೆಂಪಗೆ ಕಾದ ಕಾಯಿಲ್ ಹೀಟರನ್ನು ಮಂದಿ ಇಡುವುದೂ ಅಲ್ಲಿಯೇ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಹಚ್ಚುವುದಾಗಲಿ, ಎಂಜಿನ್ ಚಾಲೂ ಇಡುವುದಾಗಲಿ ಜೀವಕ್ಕೇ ಎರವು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. 2,000 ವ್ಯಾಟ್ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್ಟು ಅದನ್ನು ತಾಳುವುದಿಲ್ಲ.

ಇನ್ನು ಖರ್ಚು. ರಾತ್ರಿ ಹತ್ತರಿಂದ ನಸುಕಿನ ಐದರವರೆಗೆ ಅದೇ ಹೀಟರ್ ನಿಲ್ಲದೆ ಉರಿದರೆ 14 ಯೂನಿಟ್. 2023ರಲ್ಲಿ ಜಾರಿಯಾದ, ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ದಾಟಿದರೆ ಪೂರ್ತಿ ಬಿಲ್ಲು ಮನೆಯ ಯಜಮಾನನದೇ. ಹದಿನಾಲ್ಕನೆಯ ರಾತ್ರಿಗೆ ಲೆಕ್ಕ 196ಕ್ಕೆ ಬಂದು ನಿಲ್ಲುತ್ತದೆ, ಹದಿನೈದನೆಯ ರಾತ್ರಿ ಹೆಸ್ಕಾಂ ಬಾಗಿಲು ಬಡಿಯುತ್ತದೆ. ಮಿಕ್ಸರ್, ಟಿವಿ, ದೇವರ ಮನೆಯ ದೀಪಗಳನ್ನು ಇದರಲ್ಲಿ ಹಿಡಿದಿಲ್ಲ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳಿವೆಯಲ್ಲ ಎಂದು ವಾದಿಸುವವರುಂಟು. ಅವು ಭರದಿಂದ ತಿರುಗುವುದು ಮುಂಗಾರಿನ ತಿಂಗಳುಗಳಲ್ಲಿ, ಹೀಟರ್ ನೆನಪಾಗುವ ಹೊತ್ತಿಗೆ ಅವಕ್ಕೂ ಅರೆನಿದ್ದೆ.

ಮನುಷ್ಯರ ಥಂಡಿಗೆ ಈ ಸೀಮೆಯಲ್ಲಿ ಬೇರೆ ಪರಿಹಾರಗಳು ರೂಢಿಯಲ್ಲಿವೆ: ಹೊಲದಲ್ಲಿ ಕುಳ್ಳಿನ ಕೆಂಡಕ್ಕೆ ಸುಟ್ಟ ಸೀತನಿ, ಪೇಟೆಯಲ್ಲಿ ಬಿಸಿ ಮಿರ್ಚಿ-ಮಂಡಕ್ಕಿ. ಗಾಡಿಗೆ ಹಳೆಯ ಕೌದಿ ಹೊದಿಸಿದರೆ ಸಾಕು, ಅದೂ ಎಂಜಿನ್ ಆರಿದ ಮೇಲೆ. ಹೀಟರ್ ಕೊಳ್ಳಲೇಬೇಕೆಂಬ ಹಟವಿದ್ದವರು ಖರೀದಿಯನ್ನು ಮಾರ್ಚ್‌ವರೆಗೆ ಮುಂದೂಡುವುದು ಶಾಸ್ತ್ರಸಮ್ಮತ. ಮಾರ್ಚ್‌ನಲ್ಲಿ ಗದಗದ ಮಧ್ಯಾಹ್ನ 35 ಡಿಗ್ರಿ ಮುಟ್ಟುತ್ತದೆ, ತಗಡಿನ ಶೆಡ್ಡು ಅದಕ್ಕೂ ಮೀರಿ ಕಾಯುತ್ತದೆ, ಬಿಲ್ಲು ಬರುವುದಿಲ್ಲ.